ಮುದ್ದೆ ಅಗಿದು ತಿಂದ ಸೋಮಯ್ಯ

ಬಿಳಿಕೆರೆಯ ಬೀಗರ ಮನೆಯಲ್ಲಿ ಪಿತೃಪಕ್ಷದ ಬಾಡೂಟ. ಹದಿನಾಲ್ಕು ಜನ ಗಂಡಸರು ಸಾಲಾಗಿ ಎಲೆ ಮುಂದೆ ಕೂತಿದ್ದರು. ಆ ಹದಿನಾಲ್ಕು ಜನರ ನಡುವೆ, ಹಾಡಹಗಲಲ್ಲಿ, ಯಾರ ಹೆದರಿಕೆಯೂ ಇಲ್ಲದೆ, ಸೋಮಯ್ಯ ರಾಗಿ ಮುದ್ದೆಯನ್ನು ಅಗಿದು ತಿಂದ.

ನುಂಗಲಿಲ್ಲ ಸ್ವಾಮಿ, ಅಗಿದ! ಐವತ್ತಾರು ವರ್ಷ ಮುದ್ದೆ ನುಂಗಿಯೇ ಬೆಳೆದ ಗಂಟಲು ಅದು. ಹಲ್ಲು ಬಾರದ ಕೂಸೂ ನುಂಗುತ್ತದೆ, ಹಲ್ಲು ಉದುರಿದ ಮುದುಕರೂ ನುಂಗುತ್ತಾರೆ. ಬಾಯಿ ತುಂಬ ಹಲ್ಲಿರುವ ಈ ಮನುಷ್ಯ ಮಾತ್ರ ಕಣ್ಣು ಅರ್ಧ ಮುಚ್ಚಿಕೊಂಡು, ದವಡೆಯನ್ನು ಆ ಕಡೆ ಈ ಕಡೆ ಆಡಿಸಿ ಅಗಿಯುತ್ತಿದ್ದ. ಅಕ್ಕಪಕ್ಕದವರು ಎತ್ತಿದ ತುತ್ತನ್ನು ಅರ್ಧದಲ್ಲೇ ನಿಲ್ಲಿಸಿ ಅವನ ಬಾಯಿ ನೋಡಿದರು.

ನಮ್ಮ ಕಡೆ ಮುದ್ದೆ ಅಗಿದರೆ ಅರ್ಥ ಒಂದೇ. ಮುದ್ದೆ ಬೆಂದಿಲ್ಲ, ಇಲ್ಲ ಗಂಟಾಗಿದೆ, ಮಾಡಿದವಳ ಕೈ ನೆಟ್ಟಗಿಲ್ಲ. ಇಲ್ಲಿ ಮಾಡಿದವಳು ಬೇರೆ ಯಾರೋ ಆಗಿದ್ದರೆ ಹೇಗೋ ಆಗುತ್ತಿತ್ತು. ಮಾಡಿದವಳು ಬೀಗಿತಿ ಪುಟ್ಟಸಿದ್ದಮ್ಮ, ಸೋಮಯ್ಯನ ಮಗಳು ಮಧುಶ್ರೀಯ ಸಾಕ್ಷಾತ್ ಅತ್ತೆ. ಸಾರಿನ ಸೌಟು ಹಿಡಿದುಕೊಂಡೇ ಅವಳು ಎಲೆ ಮುಂದೆ ಬಂದು ನಿಂತಳು.

"ಯಾಕ್ ಬೀಗ್ರೆ, ಗಂಟಾಗದಾ?"

"ಇಲ್ಲ ಕಣ್ರವ್ವ, ಚೆಂದಾಗದೆ," ಅಂದ ಸೋಮಯ್ಯ, ಅಗಿಯುತ್ತಲೇ. "ಜಿಂಬಾಬ್ವೇಲಿ ಮುದ್ದೆ ಅಗಿದೇ ತಿನ್ನೋದು. ಆವಾಗ ರುಚಿ ಗೊತ್ತಾಯ್ತದೆ. ನಿಮ್ ದೇಶದಾಗೆ ಸುಮ್ನೆ ನುಂಗ್ತೀರ. ನಾಲಗೆಗೆ ಮೋಸ ಅದು."

ನಿಮ್ ದೇಶ ಅಂತೆ! ಅಡುಗೆಮನೆ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದ ಕೆಂಪಾಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಈ ಸೋಮಯ್ಯನನ್ನು ಕಟ್ಟಿಕೊಂಡ ಹೆಂಡತಿ. ಮಗಳ ಅತ್ತೆ ಮಗಳ ಕಡೆ ತಿರುಗಿ ಒಂದು ನೋಟ ನೋಡಿದ್ದು ಅವಳ ಕಣ್ಣಿಗೆ ಬಿತ್ತು. ಆ ನೋಟದ ಪಾಲು ಮಗಳಿಗೆ ಇನ್ನೊಂದು ತಿಂಗಳು ದಿನಾ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಪಿರಿಯಾಪಟ್ಟಣ ಮುಟ್ಟುವವರೆಗೆ ಅವಳು ತುಟಿ ಬಿಚ್ಚಲಿಲ್ಲ. ಸೋಮಯ್ಯನಿಗೆ ಅದೂ ತಿಳಿಯಲಿಲ್ಲ. ಕಿಟಕಿ ಪಕ್ಕ ಕೂತು, ಜಿಂಬಾಬ್ವೆಯ ಬಸ್ಸಿನ ಕಿಟಕಿ ಇದಕ್ಕಿಂತ ಅಗಲ ಅಂತ ಕಂಡಕ್ಟರಿಗೆ ಹೇಳುತ್ತಿದ್ದ.

ಕೆಂಪಾಜಮ್ಮನ ತವರು ಎಚ್.ಡಿ. ಕೋಟೆ ಕಡೆಯ ಹಂಪಾಪುರ. ಇಪ್ಪತ್ತಕ್ಕೆ ಮದುವೆಯಾಗಿ, ಪಿರಿಯಾಪಟ್ಟಣದಿಂದ ಆರು ಕಿಲೋಮೀಟರ್ ಒಳಗಿರುವ ಈ ಹೊಗೆಸೊಪ್ಪಿನ ಊರಿಗೆ ಬಂದಳು. ಬಂದ ವರ್ಷವೇ ಸೊಪ್ಪಿನ ಗ್ರೇಡಿಂಗಿಗೆ ಕೂತಳು. ಅಂದರೆ ಬೆಂದು ಒಣಗಿದ ಎಲೆಗಳನ್ನು ಒಂದೊಂದಾಗಿ ನೋಡಿ, ಜಾತಿ ಬಣ್ಣ ನೋಡಿ ಬೇರೆ ಬೇರೆ ರಾಶಿ ಹಾಕುವ ಕೆಲಸ. ಮೂವತ್ತು ವರ್ಷವಾಯಿತು. ಈಗ ಸುತ್ತಲ ಹತ್ತು ಊರಿನಲ್ಲಿ ಅವಳಷ್ಟು ಚೊಕ್ಕವಾಗಿ ಎಲೆ ನೋಡುವವರಿಲ್ಲ. ಅವಳು ಕಟ್ಟಿಸಿದ ಬೇಲು, ಅಂದರೆ ಸೊಪ್ಪಿನ ಮೂಟೆ, ಹರಾಜಿಗೆ ಬಂದರೆ ಕೊಳ್ಳುವವರು ಬಿಚ್ಚಿ ನೋಡುವುದಕ್ಕೂ ನಾಚುತ್ತಾರೆ.

ಹೊಸದಾಗಿ ಬಂದ ಹೆಂಗಸರಿಗೆ ಅವಳು ಮೊದಲು ಹೇಳಿಕೊಡುವುದು ಎರಡು ಮಾತು. ಗಿಡದ ಅಡಿಯ ಎಲೆಯನ್ನು ಅಡಿಯ ಎಲೆ ಜೊತೆಗೇ ಇಟ್ಟು ನೋಡಬೇಕು, ತುದಿಯದನ್ನು ತುದಿಯದರ ಜೊತೆ. ಎರಡನೆಯದು, ಎರಡು ಎಲೆಯೂ ಕೈಯಲ್ಲಿರಬೇಕು. "ಒಂದು ಎಲೆ ಕೈಯಾಗೆ, ಇನ್ನೊಂದು ಗ್ಯಾನದಾಗೆ ಇಟ್ಕಂಡು ನೋಡಿದ್ರೆ ಕೆಟ್ರಿ," ಅನ್ನುತ್ತಿದ್ದಳು.

ಸೋಮಯ್ಯ ಬ್ಯಾರನ್ ಬೇಯಿಸುವವನು. ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ ಏರಿಸುವ, ಬಿಸಿಗಾಳಿಯಲ್ಲಿ ಐದಾರು ದಿನ ಹದವಾಗಿ ಬೇಯಿಸುವ ಎತ್ತರದ ಮನೆಗೆ ಬ್ಯಾರನ್ ಅನ್ನುತ್ತೇವೆ. ಅದರ ಗೋಡೆಗೆ ಅಂಗೈ ಒತ್ತಿ, ಒಳಗೆ ಸೊಪ್ಪು ಯಾವ ಹದದಲ್ಲಿದೆ ಅಂತ ಹೇಳುವವನು ಅವನು. ಈ ಅಂಗೈಯ ಸುದ್ದಿ ಪಿರಿಯಾಪಟ್ಟಣದ ಸೊಪ್ಪಿನ ವ್ಯಾಪಾರಿ ರೇಣುಕಾಪ್ರಸಾದರ ಕಿವಿಗೆ ಬಿತ್ತು. ಅವರ ಪಾಲುದಾರರೊಬ್ಬರು ಜಿಂಬಾಬ್ವೆಯಲ್ಲಿ ಹೊಗೆಸೊಪ್ಪಿನ ತೋಟ ನಡೆಸುತ್ತಾರೆ. ಇಲ್ಲಿ ನಮ್ಮ ಬ್ಯಾರನ್ನುಗಳು ಆರಿದ ಮೇಲೆ ಅಲ್ಲಿ ಒಲೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಸೋಮಯ್ಯನನ್ನು ನಾಲ್ಕು ತಿಂಗಳ ಮಟ್ಟಿಗೆ ವಿಮಾನ ಹತ್ತಿಸಿದರು. ಧರ್ಮಸ್ಥಳದಿಂದ ಆಚೆಗೆ ಕಾಲಿಡದ ಮನುಷ್ಯ ಸೀದಾ ಆಫ್ರಿಕಾದಲ್ಲಿ ಇಳಿದ.

ಹೋದವನು ಸೋಮಯ್ಯ. ಬಂದವನು ಯಾರೋ!

ಮೊದಲ ದಿನವೇ ಕೆಂಪಾಜಮ್ಮ ಕಾಫಿ ಕೊಟ್ಟರೆ, ಲೋಟ ತೆಗೆದುಕೊಳ್ಳುವ ಮೊದಲು ಎರಡು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿದ. ಅವಳು ಸೊಳ್ಳೆ ಅಂದುಕೊಂಡಳು. ಎರಡನೆಯ ದಿನವೂ ತಟ್ಟಿದ. ಅಲ್ಲಿ ಏನಾದರೂ ಕೊಟ್ಟರೆ ಚಪ್ಪಾಳೆ ತಟ್ಟಿ ಮರ್ಯಾದೆ ತೋರಿಸಿ ಇಸಕೊಳ್ಳುತ್ತಾರಂತೆ. ಒಳ್ಳೆಯ ಪದ್ಧತಿಯೇ, ಯಾರು ಬೇಡ ಅಂದರು? ಆದರೆ ಸೊಸೈಟಿಯಲ್ಲಿ ಅಕ್ಕಿ ತೂಗಿ ಕೊಟ್ಟಾಗಲೂ, ಬಸ್ಸಿನಲ್ಲಿ ಚಿಲ್ಲರೆ ಕೊಟ್ಟಾಗಲೂ ತಟ್ಟಿದರೆ ಜನ ಏನಂದುಕೊಳ್ಳಬೇಕು?

ಆಮೇಲೆ ಶುರುವಾಯಿತು ಹೋಲಿಕೆ. ಕರೆಂಟು ಹೋಯಿತು ಅಂತ ಕೆಂಪಾಜಮ್ಮ ಬೈದುಕೊಂಡರೆ ಇವನು ನಗುತ್ತಿದ್ದ. "ಅಲ್ಲಿ ಕರೆಂಟ್ ಹೋದ್ರೆ ಹದಿನೆಂಟು ಗಂಟೆ ಬರಲ್ಲ ಕಣಮ್ಮಿ. ಹೋಗೋದಾದ್ರೂ ಒಂದ್ ನಿಯತ್ತಾಗಿ ಓಯ್ತದೆ. ನಿಮ್ದು ನೋಡು, ಓಯ್ತದೆ ಬತ್ತದೆ, ಓಯ್ತದೆ ಬತ್ತದೆ. ಮಾನಮರ್ವಾದೆ ಇಲ್ಲ."

ಬಸ್ಸು ತಡವಾದರೂ ಅದೇ ರಾಗ. "ಅಲ್ಲಿ ವ್ಯಾನ್ ತುಂಬಗಂಟ ಹೊರಡಾಕೇ ಇಲ್ಲ. ಅಂಗಾಗಿ ಲೇಟು ಅನ್ನೋ ಮಾತೇ ಇಲ್ಲ." ಹಂಪಾಪುರದ ಭಾಮೈದನ ಜೋಳಕ್ಕೆ ಆನೆ ಬಿತ್ತು, ಅರ್ಧ ಹೊಲ ಹೋಯಿತು ಅಂತ ಫೋನ್ ಬಂದಾಗ, ಅಯ್ಯೋ ಅನ್ನುವುದು ಬಿಟ್ಟು ಇವನು ಕೇಳಿದ್ದೇನು ಗೊತ್ತೆ? "ಕಿವಿ ಎಷ್ಟ್ ಅಗಲ ಇತ್ತು?" ಅಲ್ಲಿಯ ಆನೆಯ ಒಂದು ಕಿವಿಯಲ್ಲಿ ನಮ್ಮ ಆನೆಗೆ ಎರಡು ಕಿವಿ ಹೊಲಿಯಬಹುದಂತೆ. ಭಾಮೈದ ಆಮೇಲೆ ಎರಡು ತಿಂಗಳು ಫೋನ್ ಮಾಡಲಿಲ್ಲ.

ಇಷ್ಟೆಲ್ಲ ಕೆಂಪಾಜಮ್ಮ ತಡೆದುಕೊಂಡಳು. ಕರೆಂಟು ಅವಳು ಮಾಡಿದ್ದಲ್ಲ, ಬಸ್ಸು ಅವಳದಲ್ಲ, ಆನೆಯ ಕಿವಿಗೂ ಅವಳಿಗೂ ಸಂಬಂಧವಿಲ್ಲ. ಆದರೆ ಒಂದು ದಿನ ಮುದ್ದೆಗೇ ಬಂದ. ಜಿಂಬಾಬ್ವೆಯಲ್ಲೂ ಮುದ್ದೆ ಇದೆಯಂತೆ, ಸಾಡ್ಜಾ ಅನ್ನುತ್ತಾರಂತೆ, ಬಿಳಿ ಜೋಳದ ಹಿಟ್ಟಿನದು. "ಮಲ್ಲಿಗೆ ಹೂವಿದ್ದಂಗೆ ಇರ್ತದೆ ಕಣಮ್ಮಿ, ಬೆಳ್ಳಗೆ," ಅಂದವನು ತನ್ನ ತಟ್ಟೆಯ ರಾಗಿ ಮುದ್ದೆಯನ್ನು ನೋಡಿ, ಏನೂ ಹೇಳದೆ ಸುಮ್ಮನಾದ. ಹೇಳಿದ್ದರೆ ಜಗಳವಾಡಬಹುದಿತ್ತು. ಆ ಸುಮ್ಮನಾದದ್ದು ಅವಳಿಗೆ ಚುಚ್ಚಿತು. ಮೂವತ್ತು ವರ್ಷದಲ್ಲಿ ಈ ಮನುಷ್ಯ ಒಂದು ದಿನವಾದರೂ ಊಟ ಚೆನ್ನಾಗಿದೆ ಅಂದಿದ್ದನಾ? ಇಲ್ಲ. ಅವಳು ಕೇಳಿಯೂ ಇರಲಿಲ್ಲ, ತಟ್ಟೆ ಖಾಲಿಯಾಗುತ್ತಿತ್ತಲ್ಲ, ಅದೇ ಸಾಕಾಗಿತ್ತು. ಈಗ ಸಾಕಾಗಲಿಲ್ಲ.

ಬಿಳಿಕೆರೆಯಿಂದ ಬಂದ ಆ ಸಂಜೆ, ಚಪ್ಪಲಿ ಬಿಡುವ ಮೊದಲೇ ಅವಳು ಮಾತು ತೆಗೆದಳು. ಬರುವ ಸೋಮವಾರ ರೇಣುಕಾಪ್ರಸಾದರು ಮನೆಗೆ ಬರುವವರಿದ್ದರು. ಈ ವರ್ಷವೂ ಒಬ್ಬರನ್ನು ಕಳಿಸಬೇಕು, ಸೋಮಯ್ಯನನ್ನೇ ಕೇಳಿದ್ದರು. ಆದರೆ ಅವರದೊಂದು ಕಟ್ಟಳೆ. ಹೆಂಡತಿ ಬಾಯಿಬಿಟ್ಟು ಒಪ್ಪಿಗೆ ಕೊಡದ ಗಂಡಸನ್ನು ಅವರು ದೂರದೇಶಕ್ಕೆ ಕಳಿಸುವುದಿಲ್ಲ. ಹಿಂದೆ ಯಾರದೋ ಹೆಂಡತಿ ಅಂಗಡಿ ಮುಂದೆ ಬಂದು ಮಣ್ಣು ತೂರಿದ್ದಳಂತೆ.

"ನೀವು ಓಗ್ಬೇಕಲ್ವಾ?" ಅಂದಳು ಕೆಂಪಾಜಮ್ಮ. "ಓಗಿ. ಆದ್ರೆ ನನ್ ಮಕ ನೋಡ್ಕಂಡು ಒಂದ್ ಮಾತ್ ಏಳಿ. ಮೂವತ್ ವರ್ಸ ನಾನ್ ಮಾಡಾಕಿದ್ದು ಚೆಂದಾಗಿತ್ತು ಅಂತ. ಅಷ್ಟೇ. ಏಳಿದ್ರೆ ಒಪ್ಕತೀನಿ."

ಸೋಮಯ್ಯ ತಲೆ ಕೆರೆದುಕೊಂಡ. "ಅಲ್ಲಿ ಹೆಂಗಸರು ಇಂಗೆಲ್ಲ ಕೇಳಾಕಿಲ್ಲ," ಅಂದ.

ಮುಗಿಯಿತು. ಅವತ್ತಿನಿಂದ ಮನೆಯಲ್ಲಿ ಮುದ್ದೆ ಬಂದ್. ಬರೀ ಅನ್ನ, ತಿಳಿಸಾರು. ಎರಡನೆಯ ದಿನಕ್ಕೇ ಸೋಮಯ್ಯ ಸೊರಗಿದ ಹಾಗೆ ಕಾಣಿಸಿದ. ಮೂರನೆಯ ದಿನ ಬ್ಯಾರನ್ನಿನ ಗೋಡೆಗೆ ಒರಗಿ ಕೂತು, ಅನ್ನ ತಿಂದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಗೋಡೆಗೇ ಹೇಳುತ್ತಿದ್ದ. ಆದರೂ ಆ ಒಂದು ಮಾತು ಹೇಳಲಿಲ್ಲ. ಗಂಡಸರ ಹಟ ಅನ್ನೋಣವೇ, ನಾಚಿಕೆ ಅನ್ನೋಣವೇ, ಏನು ಹಾಳೋ!

ಸೋಮವಾರ ಮಧ್ಯಾಹ್ನ ರೇಣುಕಾಪ್ರಸಾದರು ಬಂದರು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಮಾತು ಮೆದು. ಜಗುಲಿಯಲ್ಲಿ ಕೂತು ನೀರು ಕುಡಿದು, "ಏನು ತೀರ್ಮಾನ ಮಾಡಿದ್ರಿ ಕೆಂಪಾಜಮ್ಮನೋರೆ?" ಅಂದರು.

"ಕಳ್ಸಾಕಿಲ್ಲ ಪ್ರಸಾದಣ್ಣ," ಅಂದಳು ಅವಳು. "ಒಂದ್ಸಲ ಓಗ್ಬಂದಿದ್ದಕ್ಕೇ ಮುದ್ದೆ ಅಗೀತಾವ್ರೆ. ಇನ್ನೊಂದ್ಸಲ ಓದ್ರೆ ಬಂದು ನೀರೂ ಅಗೀತಾರೆ."

ಸೋಮಯ್ಯ ಮುಖ ತಿರುಗಿಸಿಕೊಂಡ. ರೇಣುಕಾಪ್ರಸಾದರಿಗೆ ನಗು ಬಂತು, ಆದರೆ ನಗಲಿಲ್ಲ. ತೋಟದ ಮೇಸ್ತ್ರಿ ತೆಂದಾಯಿ ಇದೇ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಾನೆ, ಅವನ ಹತ್ತಿರ ಒಂದು ಮಾತು ಹೇಳಿಬಿಡೋಣ ಅಂದರು. ಇಂಗ್ಲಿಷಿಗೆ ಪಕ್ಕದ ಮನೆ ಸೊಸೆ ಐಶ್ವರ್ಯಳನ್ನು ಕರೆದರು. ಅವಳು ಪಿರಿಯಾಪಟ್ಟಣದ ಸ್ಕೂಲಿನಲ್ಲಿ ಟೀಚರ್, ಅವತ್ತು ರಜೆ.

ಫೋನಿನಲ್ಲಿ ತೆಂದಾಯಿ ಬರಲಿಲ್ಲ. ಒಂದು ಮಾವಿನ ಮರ ಕಾಣಿಸಿತು. ಮರದ ಕೆಳಗೆ ತಲೆಗೆ ಬಟ್ಟೆ ಕಟ್ಟಿಕೊಂಡ, ದುಂಡು ಮುಖದ ಹೆಂಗಸೊಬ್ಬಳು ಬಂದು ಕೂತಳು. ಸೋಮಯ್ಯ ಅವಳನ್ನು ನೋಡಿದ್ದೇ ತಡ, ಎದ್ದು ಕೊಟ್ಟಿಗೆ ಕಡೆ ಹೊರಟ.

"ಕೂತ್ಕಳಿ," ಅಂದಳು ಕೆಂಪಾಜಮ್ಮ. ಅವನು ಕೂತ.

ಅವಳು ತೆಂದಾಯಿಯ ಹೆಂಡತಿ, ಚಿಪೋ. ಆ ನಾಲ್ಕು ತಿಂಗಳೂ ಸೋಮಯ್ಯನಿಗೆ ಅನ್ನ ಹಾಕಿದವಳು, ಅಂದರೆ ಸಾಡ್ಜಾ ಹಾಕಿದವಳು. ಕೆಂಪಾಜಮ್ಮನನ್ನು ತೋರಿಸಿ ಐಶ್ವರ್ಯ ಇವರೇ ಅಂದ ತಕ್ಷಣ ಚಿಪೋ ಎರಡು ಸಲ ಚಪ್ಪಾಳೆ ತಟ್ಟಿದಳು. ತಟ್ಟಿ ಮುಗಿಸಿ, ಕೈ ಸೊಂಟದ ಮೇಲಿಟ್ಟುಕೊಂಡು ಒಂದೇ ಉಸಿರಿಗೆ ಏನೇನೋ ಹೇಳಿದಳು. ಐಶ್ವರ್ಯ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

"ಏನಂತೆ?" ಅಂದಳು ಕೆಂಪಾಜಮ್ಮ.

"ದೊಡ್ಡಮ್ಮ, ಅವ್ರಿಗೆ ನಿಮ್ಮೇಲೆ ಕೋಪ ಅಂತೆ."

"ನಾನೇನ್ ಮಾಡ್ದೆ ಅವಳ್ಗೆ? ಅವಳ್ ಮಕಾನೇ ಇವತ್ತು ನೋಡ್ತಿರೋದು!"

"ನಿಮ್ ಮುದ್ದೆ ದೊಡ್ಡಮ್ಮ. ನಾಲ್ಕು ತಿಂಗಳು, ಎರಡು ಹೊತ್ತೂ, ಇವ್ರು ತಟ್ಟೆ ಮುಂದೆ ಕೂತು ಒಂದೇ ಮಾತು ಹೇಳ್ತಿದ್ರಂತೆ." ಐಶ್ವರ್ಯ ಸೋಮಯ್ಯನ ಗಂಟಲನ್ನೇ ಅನುಕರಿಸಿದಳು. "ಕೆಂಪಾಜಮ್ಮ, ಸೂಪರ್. ದಿಸ್, ಓಕೆ ಓಕೆ."

ಕೆಂಪಾಜಮ್ಮ ಫೋನಿನ ಹತ್ತಿರಕ್ಕೆ ಜರುಗಿದಳು.

ಚಿಪೋ ಬಿಡಲಿಲ್ಲ. ಆರು ತಿಂಗಳಿಂದ ಕಟ್ಟಿಟ್ಟುಕೊಂಡಿದ್ದ ಮಾತು ಅದು. ಐಶ್ವರ್ಯ ಒಂದೊಂದಾಗಿ ಕನ್ನಡಕ್ಕೆ ಇಳಿಸಿದಳು. ಕೆಂಪಾಜಮ್ಮನ ಮುದ್ದೆ ಚೆಂಡಿನಷ್ಟು ದುಂಡಗೆ, ಹೊಳೆಯುತ್ತದೆ, ಕೈಗೆ ಅಂಟುವುದಿಲ್ಲ, ಇದು ಬರೀ ಬಿಳಿ, ಸುಣ್ಣ ಬಳಿದ ಹಾಗೆ, ಅಂತ ಕೈಸನ್ನೆ ಮಾಡಿ ತೋರಿಸುತ್ತಿದ್ದನಂತೆ. ಮೊದಲ ದಿನ ಸಾಡ್ಜಾವನ್ನು ಅಗಿಯದೆ ಹಾಗೇ ನುಂಗಿದನಂತೆ. ಗಂಟಲಿಗೆ ಸಿಕ್ಕಿಕೊಂಡಿತು ಅಂತ ಚಿಪೋಳ ಅತ್ತೆ ಬೆನ್ನಿಗೆ ಗುದ್ದಿದ ಗುದ್ದಿಗೆ ಪಾಪ ಮುಗ್ಗರಿಸಿದನಂತೆ. ನಮ್ಮೂರಲ್ಲಿ ಹಿಂಗೇ ಅಂತ ನಾಲ್ಕು ತಿಂಗಳೂ ನುಂಗಿಯೇ ತಿಂದನಂತೆ.

"ಅಲ್ಲಿ ನುಂಗಿದ್ರಾ?" ಅಂದಳು ಕೆಂಪಾಜಮ್ಮ.

ಸೋಮಯ್ಯ ಕಂಬ ನೋಡಿದ.

ಕರೆಂಟಿನ ವಿಷಯವೂ ಬಂತು. ಅಲ್ಲಿ ಕರೆಂಟು ಹೋದಾಗಲೆಲ್ಲ ಇವನು ಎದೆ ತಟ್ಟಿಕೊಂಡು, "ಮೈ ಇಂಡಿಯಾ, ಗೋ, ಕಮ್, ಗೋ, ಕಮ್. ಯುವರ್ ಕರೆಂಟ್, ಗೋ, ಗೋ, ಗೋ," ಅನ್ನುತ್ತಿದ್ದನಂತೆ. ಆನೆ ಕಂಡರೆ, ನಮ್ಮ ಆನೆಗಳ ಕಿವಿ ಎಷ್ಟು ಲಕ್ಷಣ, ಇವು ಏನು ಮೊರ ಕಟ್ಟಿಕೊಂಡಿವೆಯಾ ಅನ್ನುವ ಹಾಗೆ ಸನ್ನೆ ಮಾಡುತ್ತಿದ್ದನಂತೆ. ಒಂದು ಭಾನುವಾರ ಬ್ಯಾರನ್ನಿನ ಒಲೆ ಬಾಯಿಯ ಮುಂದೆ ಕೂತು ಅಳುತ್ತಿದ್ದನಂತೆ. ಚಿಪೋ ಯಾಕೆ ಅಂತ ಕೇಳಿದರೆ ಹೆಂಡತಿಯ ಹೆಸರು ಹೇಳಿದನಂತೆ.

"ಹೊಗೆ ಕಣ್ಣಿಗೆ ಬಿದ್ದಿತ್ತು," ಅಂದ ಸೋಮಯ್ಯ. ಯಾರೂ ಅವನನ್ನು ಕೇಳಿರಲಿಲ್ಲ.

"ಇನ್ನೂ ಒಂದದೆ ದೊಡ್ಡಮ್ಮ," ಅಂದಳು ಐಶ್ವರ್ಯ. "ಈಗ ಇವ್ರ ಯಜಮಾನ್ರೂ ಶುರು ಮಾಡವ್ರಂತೆ. ಸಾಡ್ಜಾ ಒಂಚೂರು ಗಂಟಾದ್ರೆ, ಕೆಂಪಾಜಮ್ಮ ಆಗಿದ್ರೆ ಅಂತಾರಂತೆ. ನಿಮ್ಮನ್ನ ನೋಡೂ ಇಲ್ಲ, ನಿಮ್ ಮುದ್ದೆ ತಿಂದೂ ಇಲ್ಲ. ಈವಮ್ಮಂಗೆ ಸಾಕಾಗೋಗದೆ."

ಕೆಂಪಾಜಮ್ಮ ಫೋನಿನಲ್ಲಿದ್ದ ಆ ದುಂಡು ಮುಖವನ್ನು ನೋಡಿದಳು. ಯಾವ ದೇಶವೋ, ಯಾವ ಜನವೋ, ಸಂಕಟ ಮಾತ್ರ ಥೇಟು ತನ್ನದೇ. ಮೊದಲು ಅವಳಿಗೆ ನಗು ಬಂತು. ಆಮೇಲೆ ಹೆಮ್ಮೆಯಾಯಿತು, ಸುಳ್ಳೇಕೆ, ಎದೆ ತುಂಬಿಬಂತು. ಅದರ ಬೆನ್ನಿಗೇ ಎಲ್ಲಿತ್ತೋ ಸಿಟ್ಟು, ಒದ್ದುಕೊಂಡು ಬಂತು. ಗಂಡನ ಕಡೆ ತಿರುಗಿದಳು.

"ಅಲ್ಲ, ಸಮುದ್ರ ದಾಟಿ ಓಗಿ ಕಂಡೋರ್ ಮನೆ ಹೆಂಗುಸ್ಗೆ ಏಳಿದ್ರಲ್ಲ, ಎರಡ್ ಮಾರು ದೂರದಾಗಿರೋ ನನಗೆ ಏಳಾಕೆ ನಿಮಗೇನ್ ದಾಡಿಯಾಗಿತ್ತು?"

"ಅಲ್ಲಿ ನೀನ್ ಇರ್ಲಿಲ್ವಲ್ಲಮ್ಮಿ," ಅಂದ ಸೋಮಯ್ಯ, ಪೂರಾ ನಿಜ ಹೇಳುವವನ ಮುಖದಲ್ಲಿ.

ಮೂವತ್ತು ವರ್ಷ ಎಲೆ ನೋಡಿದ ಹೆಂಗಸು ಅವಳು. ಈ ಮನುಷ್ಯನ ರೋಗ ಈಗ ಅವಳಿಗೆ ಸ್ಪಷ್ಟವಾಯಿತು. ಇವನು ಒಂದು ದಿನವೂ ಎರಡು ಎಲೆ ಕೈಯಲ್ಲಿ ಹಿಡಿದು ನೋಡಿದವನೇ ಅಲ್ಲ. ಇಲ್ಲಿದ್ದಾಗ ಅಲ್ಲಿಯದನ್ನು ನೆನೆದ, ಅಲ್ಲಿದ್ದಾಗ ಇಲ್ಲಿಯದನ್ನು ನೆನೆದ, ಕೈಗೆ ಸಿಕ್ಕಿದ್ದನ್ನು ಎರಡು ದೇಶದಲ್ಲೂ ಜರೆದ. ಚಿಪೋಳ ಸಾಡ್ಜಾ ಮಲ್ಲಿಗೆಯಾದದ್ದು ಇವನು ಇಲ್ಲಿಗೆ ಬಂದು ವಿಮಾನ ಇಳಿದ ಮೇಲೆ. ತನ್ನ ಮುದ್ದೆ ಹೊಳೆದದ್ದು ಇವನು ವಿಮಾನ ಹತ್ತಿದ ಮೇಲೆ.

ಅಷ್ಟರಲ್ಲಿ ಚಿಪೋ ಇನ್ನೇನೋ ಹೇಳಿದಳು. ಈ ಸಲ ಕಣ್ಣರಳಿಸಿಕೊಂಡು ಕೇಳಿದವರು ರೇಣುಕಾಪ್ರಸಾದರು. ಐಶ್ವರ್ಯ ಹೇಳಿದಳು: ಬ್ಯಾರನ್ ಕೆಲಸವನ್ನು ತೆಂದಾಯಿ ಇವನ ಹತ್ತಿರವೇ ಕಲಿತುಕೊಂಡಿದ್ದಾನೆ, ಅವರಿಗೆ ಈಗ ತೊಂದರೆ ಇರುವುದು ಗ್ರೇಡಿಂಗಿನಲ್ಲಿ, ಹೋದ ವರ್ಷ ಎಲೆ ಬೆರಕೆಯಾಗಿ ಬೇಲುಗಳು ವಾಪಸು ಬಂದವು. ಈ ಗಂಡಸು ಬೇಡವೇ ಬೇಡ, ಆ ಹೆಂಗಸನ್ನೇ ಕಳಿಸಿಕೊಡಿ, ಎಲೆಯನ್ನೂ ನೋಡಲಿ, ಆ ಮುದ್ದೆಯನ್ನೂ ಒಮ್ಮೆ ಮಾಡಿ ತೋರಿಸಲಿ, ನನ್ನ ಗಂಡ ತಿಂದು ಸುಮ್ಮನಾಗಲಿ.

ಸೋಮಯ್ಯ ಜೋರಾಗಿ ನಕ್ಕ. ಬೇರೆ ಯಾರೂ ನಗಲಿಲ್ಲ. ರೇಣುಕಾಪ್ರಸಾದರು ಗಡ್ಡ ಕೆರೆದುಕೊಂಡು, "ಹೌದಲ್ಲ. ನನಗೇ ಹೊಳೀಲಿಲ್ಲ ನೋಡಿ. ನಿಮಗಿಂತ ಎಲೆ ಬಲ್ಲವರು ಯಾರಿದಾರೆ ಕೆಂಪಾಜಮ್ಮನೋರೆ?" ಅಂದರು.

ಸೋಮಯ್ಯನ ನಗು ನಿಂತಿತು. ಹೆಂಡತಿಯ ಮುಖ ನೋಡಿದ. ಅವಳು ಹೊರಡಲು ಮನಸ್ಸು ಮಾಡಿದ್ದಾಳೆ ಅಂತ ಅವನಿಗೆ ಗೊತ್ತಾಯಿತು. ಬ್ಯಾರನ್ನಿನ ಗೋಡೆ ಮುಟ್ಟಿ ಒಳಗಿನ ಹದ ಹೇಳುವ ಮನುಷ್ಯನಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

"ಅಂಗಾರೆ ನಾನು?" ಅಂದ.

"ನೀವು ಇಲ್ಲೇ ಇರಿ."

"ನಾಕ್ ತಿಂಗ್ಳು?"

"ನೀವು ಓಗಿರ್ಲಿಲ್ವಾ?"

ಅವನು ಎದ್ದು ನಿಂತ. ರೇಣುಕಾಪ್ರಸಾದರನ್ನು ನೋಡಿದ, ಐಶ್ವರ್ಯಳನ್ನು ನೋಡಿದ, ಫೋನಿನಲ್ಲಿದ್ದ ಚಿಪೋಳನ್ನು ನೋಡಿದ. ಯಾರಿಂದಲೂ ಸಹಾಯ ಬರಲಿಲ್ಲ. ಕೊನೆಗೆ ಹೆಂಡತಿಯ ಎದುರಿಗೇ ಬಂದು ನಿಂತ.

"ಓಗ್ಬ್ಯಾಡ ಕಣಮ್ಮಿ," ಅಂದ. "ನಿನ್ನಂಗೆ ಮಾಡಾಕೆ ಯಾರ್ಗೂ ಬರಾಕಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನೀನಿಲ್ದೆ ನನಗಾಗಾಕಿಲ್ಲ."

ಮೂವತ್ತು ವರ್ಷಕ್ಕೆ ಬಂದ ಮಾತು. ಅದೂ ನಾಲ್ಕು ಜನರ ಮುಂದೆ, ಮುಖ ನೋಡಿಕೊಂಡು. ರೇಣುಕಾಪ್ರಸಾದರು ಬೀದಿ ಕಡೆ ತಿರುಗಿ, ಯಾವುದೋ ಎಮ್ಮೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಏನಂದ, ಏನಂದ ಅಂತ ಚಿಪೋ ಅಲ್ಲಿಂದ ಕೂಗುತ್ತಿದ್ದಳು. ಐಶ್ವರ್ಯ ಹೇಳಿದಳು. ಮಾವಿನ ಮರದ ಕೆಳಗೆ ಚಪ್ಪಾಳೆ ಕೇಳಿಸಿತು.

ಕೆಂಪಾಜಮ್ಮನ ಕಣ್ಣಲ್ಲಿ ನೀರು ಬಂತು. ಸಾಕು, ಇಷ್ಟು ಸಾಕು, ಇನ್ನೇನು ಬೇಕು, ಅಂದುಕೊಂಡಳು. ಹೋಗುವುದಿಲ್ಲ ಅಂತ ಹೇಳಲು ಬಾಯನ್ನೂ ತೆರೆದಳು. ಆಗ ಅವಳಿಗೆ ಇನ್ನೊಂದು ಯೋಚನೆ ಬಂತು. ಹೋಗುವ ಮಾತೆತ್ತಿದ್ದಕ್ಕೇ ಇಷ್ಟು ಬಂತಲ್ಲ, ನಿಜವಾಗಿ ಹೋದರೆ ಇನ್ನೆಷ್ಟು ಬಂದೀತು!

ಸೆರಗಿನಿಂದ ಕಣ್ಣು ಒರೆಸಿಕೊಂಡು ಅವಳು ರೇಣುಕಾಪ್ರಸಾದರ ಕಡೆ ತಿರುಗಿದಳು.

"ಪ್ರಸಾದಣ್ಣ, ಪಾಸ್‌ಪೋರ್ಟ್ ಫೋಟೋ ತೆಗ್ಸೋವಾಗ ತಲೆ ಮೇಲೆ ಸೆರಗು ಇರ್ಬೇಕಾ, ಬ್ಯಾಡ್ವಾ?"